ಸಣ್ಣ ಕಾರಿಗೆ ಎಷ್ಟು ತೂಕದ ಪ್ರವಾಸಿ ಟ್ರೇಲರ್ ಹೊಂದುತ್ತದೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ

ನಮ್ಮದು ಐದು ಆಸನಗಳ ಸಣ್ಣ ಎಸ್‌ಯುವಿ. ಅದು 1,500 ಕೆ.ಜಿ. ಎಳೆಯಬಲ್ಲದೆಂದು ಕೈಪಿಡಿಯಲ್ಲಿದೆ. ನಾವು ಮೆಚ್ಚಿರುವ ಟ್ರೇಲರಿನ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಡಿಮನೆಯ, ಖಾಲಿ ತೂಕ 1,250 ಕೆ.ಜಿ. ನಾವಿಬ್ಬರು ಮತ್ತು ಇಬ್ಬರು ಮಕ್ಕಳು ಪ್ರಯಾಣಿಸುತ್ತೇವೆ. ಇನ್ನೂ 250 ಕೆ.ಜಿ. ಉಳಿಯುವುದರಿಂದ ನಿಶ್ಚಿಂತೆಯಿಂದ ಕೊಳ್ಳಬಹುದೇ?

ಉತ್ತರ 1

ನಿಮ್ಮ ಲೆಕ್ಕವನ್ನೇ ಮೊದಲ ಟ್ರೇಲರ್ ಕೊಳ್ಳುವಾಗ ನಾನೂ ಹಾಕಿದ್ದೆ. ಆದ್ದರಿಂದ ಆ 250 ಕೆ.ಜಿ. ಎಲ್ಲಿ ಕರಗಿಹೋಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಖಾಲಿ ತೂಕವೆಂದರೆ ಕಾರ್ಖಾನೆ ಲೆಕ್ಕ ಹಾಕಿದ ತೂಕ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಬಿಸಿಲುಮರೆ ಇವು ಅನೇಕ ವೇಳೆ ಅದರಲ್ಲಿ ಸೇರಿರುವುದೇ ಇಲ್ಲ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆಯಾದ್ದರಿಂದ 80 ಲೀಟರಿನ ತೊಟ್ಟಿ ತುಂಬಿದರೆ 80 ಕೆ.ಜಿ. ಹೋಯಿತು. ಬ್ಯಾಟರಿ ಮತ್ತು ಎರಡು ಸಿಲಿಂಡರ್‌ಗಳಿಗೆ ಸುಮಾರು 70, ಹಾಸಿಗೆ, ಪಾತ್ರೆ, ದಿನಸಿ, ಕುರ್ಚಿ, ಬಟ್ಟೆಗಳಿಗೆ 150 ಎಂದಿಟ್ಟುಕೊಂಡರೂ ಒಟ್ಟು 1,550 ಕೆ.ಜಿ. ಆಗುತ್ತದೆ. ಮಿತಿ ಇಲ್ಲಿಯೇ ಮೀರಿತು.

ಆದರೆ ನನ್ನ ಅನುಭವದಲ್ಲಿ ಸಣ್ಣ ವಾಹನಗಳು ಸೋಲುವುದು ಎಳೆಯುವ ತೂಕದಲ್ಲಿ ಅಲ್ಲ, ಹೊರುವ ತೂಕದಲ್ಲಿ. ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಹಿಚ್‌ನ, ಅಂದರೆ ಅದನ್ನು ಸಿಕ್ಕಿಸಲು ಕಾರಿನ ಹಿಂಬದಿಯಲ್ಲಿರುವ ಕೊಂಡಿಯ, ಮೂಲಕ ಕಾರಿನ ಬೆನ್ನಿನ ಮೇಲೆ ಹೇರುತ್ತದೆ. ಇದನ್ನೇ ಟಂಗ್ ವೇಟ್ ಎನ್ನುತ್ತಾರೆ. ಉತ್ತರ ಅಮೆರಿಕದ ಮಾದರಿಯ ಟ್ರೇಲರ್‌ಗಳಲ್ಲಿ ಇದು ತುಂಬಿದ ತೂಕದ ಶೇ. 10ರಿಂದ 15ರಷ್ಟಿರಬೇಕು, ಯುರೋಪಿನವುಗಳಲ್ಲಿ ಶೇ. 5ರಿಂದ 7ರಷ್ಟು ಸಾಮಾನ್ಯ. ಶೇ. 12 ಎಂದರೆ ನಿಮ್ಮ ಟ್ರೇಲರಿಗೆ 186 ಕೆ.ಜಿ. ನಿಮ್ಮ ಕಾರಿನ ಹೊರೆ ಸಾಮರ್ಥ್ಯ 450 ಕೆ.ಜಿ. ಇದೆ ಎಂದುಕೊಳ್ಳೋಣ. ನಾಲ್ವರಿಗೆ 240, ಡಿಕ್ಕಿಯ ಸಾಮಾನಿಗೆ 60, ಹಿಚ್‌ನ ಕಬ್ಬಿಣಕ್ಕೆ 25 ಕಳೆದರೆ ಉಳಿಯುವುದು 125 ಮಾತ್ರ. 186ನ್ನು ಎಲ್ಲಿ ಹೊರಿಸುತ್ತೀರಿ? ಹೊರೆ ಸಾಮರ್ಥ್ಯದ ನಿಜವಾದ ಅಂಕಿಯನ್ನು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯಲ್ಲಿ ಅಥವಾ ವಾಹನದ ದಾಖಲೆಯಲ್ಲಿ ನೋಡಿಕೊಂಡು ಇದೇ ಲೆಕ್ಕವನ್ನು ನೀವೇ ಒಮ್ಮೆ ಹಾಕಿ. ಹಿಚ್‌ಗೂ ಪ್ರತ್ಯೇಕ ಮಿತಿಯಿರುತ್ತದೆ. ಎಲ್ಲಕ್ಕಿಂತ ಕಡಿಮೆಯಿರುವ ಅಂಕಿಯೇ ನಿಮ್ಮ ಮಿತಿ.

ಉತ್ತರ 2

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ. ಟಂಗ್ ವೇಟನ್ನು ಅಂದಾಜಿನಲ್ಲಿ ಬಿಡದೆ ಅಳೆಯಿರಿ ಎಂಬುದಷ್ಟೇ ನನ್ನ ಸೇರ್ಪಡೆ. ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಗಟ್ಟಿಯಾದ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದನ್ನು ಯಂತ್ರದ ಮೇಲೂ ಸಮಮಟ್ಟದಲ್ಲಿರಿಸಿ, ಹಲಗೆಯೊಂದೇ ಇದ್ದಾಗ ಯಂತ್ರ ತೋರುವ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅನಂತರ ಚಕ್ರಗಳಿಗೆ ಅಡ್ಡ ಕೊಟ್ಟ ಟ್ರೇಲರಿನ ಮೂತಿಯನ್ನು (ಹಿಚ್‌ಗೆ ಸಿಕ್ಕಿಸುವ ಮುಂತುದಿಯನ್ನು), ಇಟ್ಟಿಗೆಯಿಂದ ಒಂದು ಅಡಿ ಮತ್ತು ಯಂತ್ರದಿಂದ ಎರಡು ಅಡಿ ದೂರದಲ್ಲಿ ಹಲಗೆಯ ಮೇಲೆ ನಿಧಾನವಾಗಿ ಇಳಿಸಿ. ಯಂತ್ರ ತೋರುವುದರಲ್ಲಿ ಹಲಗೆಯ ಪಾಲನ್ನು ಕಳೆದು ಮೂರರಿಂದ ಗುಣಿಸಿದರೆ ಟಂಗ್ ವೇಟ್ ಸಿಗುತ್ತದೆ. ನಾನು ಮೊದಲ ಸಲ ಅಳೆದಾಗ 48 ಬಂದಿತ್ತು, ಅಂದರೆ 144 ಕೆ.ಜಿ.; ನನ್ನ ಹಿಚ್‌ನ ಮಿತಿ 100 ಇತ್ತು. ಅದೇ ದಿನ ನೀರನ್ನು ಖಾಲಿ ಮಾಡಿ ಮುಂಭಾಗದ ಪೆಟ್ಟಿಗೆಯ ಸಾಮಾನನ್ನು ಚಕ್ರಗಳ ಮೇಲಿನ ಜಾಗಕ್ಕೆ ಸರಿಸಿದೆ. ಒಟ್ಟು ತೂಕವನ್ನು ಮಾತ್ರ ವೇ ಬ್ರಿಡ್ಜ್‌ನಲ್ಲೇ ನೋಡಬೇಕು, ಅದೂ ಪ್ರವಾಸಕ್ಕೆ ಹೊರಡುವ ದಿನದಂತೆ ಎಲ್ಲವನ್ನೂ ತುಂಬಿಕೊಂಡು.

ಉತ್ತರ 3

ಟಂಗ್ ವೇಟ್ ಕಡಿಮೆ ಮಾಡಬೇಕೆಂದು ಭಾರವನ್ನೆಲ್ಲ ಹಿಂದಕ್ಕೆ ಒಯ್ಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಾನು ಆ ತಪ್ಪು ಮಾಡಿದ್ದೆ: ನಾಲ್ಕು ಸೈಕಲ್‌ಗಳನ್ನು ಟ್ರೇಲರಿನ ಹಿಂಬದಿಗೆ ಕಟ್ಟಿದ್ದೆ. ಇಳಿಜಾರಿನಲ್ಲಿ ದೊಡ್ಡ ಬಸ್ಸೊಂದು ಪಕ್ಕದಿಂದ ಹಾದುಹೋದಾಗ ಟ್ರೇಲರ್ ಬಾಲದಂತೆ ಅತ್ತಿತ್ತ ಓಲಾಡತೊಡಗಿತು, ಪ್ರತಿ ಓಲಾಟಕ್ಕೂ ಕಾರಿನ ಹಿಂಭಾಗ ಪಕ್ಕಕ್ಕೆ ಎಳೆದಂತಾಗುತ್ತಿತ್ತು, ಹಿಂದಿನ ಸೀಟಿನಲ್ಲಿದ್ದ ಮಗಳು ನನ್ನ ಸೀಟಿನ ಬೆನ್ನನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೇರವಾಗಿ ಹಿಡಿದು, ಕಾರಿನ ಬ್ರೇಕನ್ನು ಜೋರಾಗಿ ತುಳಿಯದೆ ವೇಗ ಇಳಿಯಲು ಬಿಟ್ಟದ್ದರಿಂದ ಉಳಿದೆವು. ಟ್ರೇಲರಿನ ಬ್ರೇಕನ್ನು ಕೈಯಿಂದ ಹಾಕುವ ಗುಂಡಿಯಿದ್ದರೆ ಅದನ್ನಷ್ಟೇ ಒತ್ತಬೇಕು.

ಬ್ರೇಕಿನ ಮಾತು ಬಂದದ್ದರಿಂದ ಇನ್ನೊಂದು. ಕೈಪಿಡಿಯಲ್ಲಿರುವ 1,500 ಕೆ.ಜಿ. ಬಹುಮಟ್ಟಿಗೆ ಸ್ವಂತ ಬ್ರೇಕ್ ಇರುವ ಟ್ರೇಲರಿಗೆ ಅನ್ವಯಿಸುವ ಅಂಕಿಯಾಗಿರುತ್ತದೆ. ಬ್ರೇಕ್ ಇಲ್ಲದ್ದಕ್ಕೆ ಅದರ ಅರ್ಧದಷ್ಟೂ ಇರದಿರಬಹುದು. ಯುರೋಪ್ ಮತ್ತು ಆಸ್ಟ್ರೇಲಿಯಾಗಳಲ್ಲಿ 750 ಕೆ.ಜಿ. ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ತೂಕ ಹೊಂದಿದರೂ ಎತ್ತರದ, ಚಪ್ಪಟೆ ಮುಖದ ಟ್ರೇಲರ್ ಗಾಳಿಗೆ ಎದುರಾಗಿ ಇಂಜಿನನ್ನು ದಣಿಸುತ್ತದೆ. ಕೆಲವು ಕೈಪಿಡಿಗಳು ಮುಂಭಾಗದ ವಿಸ್ತೀರ್ಣಕ್ಕೂ ಮಿತಿ ಹೇಳುತ್ತವೆ, ಅದನ್ನೂ ಓದಿ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬಾಗಿಲಿನ ಚೀಟಿ ನೋಡಿದೆ: ಹೊರೆ ಸಾಮರ್ಥ್ಯ 430 ಕೆ.ಜಿ., ಹಿಚ್‌ನ ಮಿತಿ 100. ಆ ಟ್ರೇಲರನ್ನು ಕೈಬಿಟ್ಟಿದ್ದೇವೆ. ಪೂರ್ತಿ ತುಂಬಿದಾಗ 900 ಕೆ.ಜಿ. ಮೀರದ, ಸ್ವಂತ ಬ್ರೇಕ್ ಇರುವ, ಮಡಚುವ ಚಾವಣಿಯ ಒಂದನ್ನು ಮುಂದಿನ ವಾರ ನೋಡಲಿದ್ದೇವೆ; ಹಲಗೆ, ಇಟ್ಟಿಗೆ ಮತ್ತು ತೂಕದ ಯಂತ್ರವನ್ನು ಜೊತೆಗೇ ಒಯ್ಯುತ್ತೇವೆ.