ರಾಸ್ಪ್‌ಬೆರಿ ಪೈ ಹಾಕಿದರೆ ಸ್ಟೇಜ್ ಲೈಟ್ ಮಿಣಮಿಣ ಅಂತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗದಗ ಹತ್ತಿರದ ನಮ್ಮೂರಲ್ಲಿ ಜಾತ್ರೆಗೆ ನಾಟಕ ಇದೆ, ಲೈಟಿಂಗ್ ಕೆಲಸ ನನ್ನ ತಲೆಗೆ ಬಿದ್ದಿದೆ. 8 ಎಲ್ಇಡಿ ಪಾರ್ ಲೈಟ್ (ಸ್ಟೇಜಿನ ಬಣ್ಣದ ದೀಪ), ಒಂದೊಂದಕ್ಕೆ 7 ಚಾನೆಲ್, ಅಂದರೆ ಬಣ್ಣ, ಬೆಳಕು ಅಂತ ಬೇರೆಬೇರೆಯಾಗಿ ಹೊಂದಿಸೋ 7 ಅಂಶ. ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರಿಗೆ ಕ್ಯೂಎಲ್‌ಸಿ ಪ್ಲಸ್ ಅನ್ನೋ ಲೈಟ್ ನಿಯಂತ್ರಿಸೋ ಸಾಫ್ಟ್‌ವೇರ್ ಹಾಕಿ, ಅಗ್ಗದ ಯುಎಸ್‌ಬಿ ಡಿಎಂಎಕ್ಸ್ ಕೇಬಲ್ ಜೋಡಿಸಿದ್ದೇನೆ (ಡಿಎಂಎಕ್ಸ್ ಅಂದರೆ ಸ್ಟೇಜ್ ಲೈಟಿಗೆ ಆದೇಶ ಕಳಿಸೋ ಸಿಗ್ನಲ್).

ಬಣ್ಣ ಒಂದೇ ಇದ್ದರೆ ಏನೂ ತೊಂದರೆ ಇಲ್ಲ. ಮೆಲ್ಲಗೆ ಆರಿಸೋಕೆ ಹೋದರೆ ಮಾತ್ರ ಎಲ್ಲಾ ಲೈಟೂ ಮಿಣಕ್ ಅಂತವೆ, ನಡುವೆ ಒಂದೆರಡು ಫಕ್ ಅಂತ ಪೂರ್ತಿ ಬೆಳಗಿಬಿಡುತ್ತವೆ. ರಾಜ ಸಾಯೋ ಸೀನಲ್ಲಿ ಲೈಟು ಕಣ್ಣು ಹೊಡೆದರೆ ಜನ ನಗಲ್ವಾ?

ಲೈಟುಗಳ ನಡುವೆ ಮೊದಲು ಮೈಕ್ ವೈರ್ ಹಾಕಿದ್ದೆ, ತಪ್ಪು ನನ್ನದೇ, ಈಗ ಡಿಎಂಎಕ್ಸ್ ಕೇಬಲ್ಲೇ ಇದೆ. ಸಿಗ್ನಲ್ ವಾಪಸ್ ಪುಟಿಯದ ಹಾಗೆ ಕೊನೇ ಲೈಟಿನ ಔಟ್‌ಗೆ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿದೆ. ಪೈನ ಅಡಾಪ್ಟರ್ 5 ವೋಲ್ಟ್, 2.5 ಆಂಪ್. ಅದೇ ಕೇಬಲ್, ಅದೇ ಲೈಟ್ ಗೆಳೆಯನ ಲ್ಯಾಪ್‌ಟಾಪಿಗೆ ಹಾಕಿದರೆ ಬೆಣ್ಣೆ ಹಾಗೆ ಓಡುತ್ತದೆ!

ಈ ಅಗ್ಗದ ಯುಎಸ್‌ಬಿ ಕೇಬಲ್‌ನಲ್ಲಿ ಸ್ವಂತ ಪ್ರೊಸೆಸರ್ ಇರೋದಿಲ್ಲ, ಸಿಗ್ನಲ್‌ನ ಟೈಮಿಂಗ್ ಎಲ್ಲಾ ಕಂಪ್ಯೂಟರೇ ನೋಡಿಕೊಳ್ಳಬೇಕು, ಅದಕ್ಕೇ ಪೈ ತಡವರಿಸುತ್ತಿರಬಹುದು ಅಂತ ನನ್ನ ಅನುಮಾನ. ಬೇರೆ ದಾರಿ ಅಂದರೆ ಪೈನ ಸೀರಿಯಲ್ ಪಿನ್‌ಗೆ 3.3 ವೋಲ್ಟಿನ ಆರ್‌ಎಸ್-485 ಚಿಪ್ (ಪೈನ ಸಿಗ್ನಲನ್ನ ಡಿಎಂಎಕ್ಸ್ ವೈರಿಗೆ ಹೊಂದಿಸೋದು) ಹಾಕೋದು, ಆದರೆ ಪೈ 3ರಲ್ಲಿ ಒಳ್ಳೆಯ ಸೀರಿಯಲ್ ಪೋರ್ಟನ್ನ ಬ್ಲೂಟೂತ್ ಹಿಡ್ಕೊಂಡು ಕೂತಿರುತ್ತದೆ, ಅದನ್ನ ಬಿಡಿಸಬೇಕು.

ಮಾಡಿ ನೋಡಿದವರು ಹೇಳಿ: ಬ್ಲೂಟೂತ್ ಆಫ್ ಮಾಡಿ ಚಿಪ್ ಹಾಕಿದರೆ ಈ ಮಿಣಮಿಣ ನಿಲ್ಲುತ್ತದಾ, ಇಲ್ಲಾ ಸ್ವಂತ ಪ್ರೊಸೆಸರ್ ಇರೋ ದುಬಾರಿ ಯುಎಸ್‌ಬಿ ಡಿಎಂಎಕ್ಸ್ ಡಾಂಗಲ್ಲೇ ತಗೋಬೇಕಾ?