ಪಂಚಾಯಿತಿ ಖರ್ಚು ಕಡಿತ: ನೀರಿನ ಘಟಕ, ಬೀದಿದೀಪ, ಗ್ರಂಥಾಲಯ ಮೂರಕ್ಕೂ ಒಂದೇ ಕತ್ತರಿ ಹಾಕಬಹುದಾ?

ಗಡಿಗ್ರಾಮ (ಬಾಗೇಪಲ್ಲಿ ತಾಲ್ಲೂಕು) ಕೇಳಿದ್ದು:

ನಮ್ಮ ಗ್ರಾಮ ಪಂಚಾಯಿತಿಯಲ್ಲಿ 2025-26ರ ಉಳಿದ ತಿಂಗಳುಗಳಿಗೆ "ಎಲ್ಲ ಬಾಬ್ತಿನಲ್ಲೂ ಕಾಲು ಭಾಗ ಕಡಿತ" ಅಂತ ನಡಾವಳಿ ಆಗಿದೆ. ತೆರಿಗೆ ವಸೂಲಿ ಕಡಿಮೆ, ಕರೆಂಟ್ ಬಿಲ್ ಬಾಕಿ ಜಾಸ್ತಿ ಅನ್ನೋದು ಕಾರಣ.

ಜಾರಿ ಮಾಡೋಕೆ ಹೊರಟಿರೋದು ಹೀಗೆ. ಗಂಟೆಗೆ 1000 ಲೀಟರ್‌ನ ಶುದ್ಧ ನೀರಿನ ಘಟಕ ಮಳೆಗಾಲದಲ್ಲಿ ಎರಡು ತಿಂಗಳು ಬಂದ್. ಆಮೇಲೆ ತೆರೆದಾಗ ನಿರ್ವಹಣೆಯ ಏಜೆನ್ಸಿ ಇರಲ್ಲ, ವಾಟರ್‌ಮನ್ನೇ ನೋಡ್ಕೋಬೇಕು. ಬೀದಿದೀಪ ಒಂದು ಬಿಟ್ಟು ಒಂದು ಉರಿಸೋದು. ಗ್ರಂಥಾಲಯಕ್ಕೆ ಬರೋ ನಾಲ್ಕು ಪತ್ರಿಕೆ ಒಂದಕ್ಕೆ ಇಳಿಸೋದು, ಇಂಟರ್ನೆಟ್ ತೆಗೆಸೋದು. ಊರಿನ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಹಾಗಾಗಿ ನೀರಿನ ವಿಷಯವೇ ಎಲ್ಲಕ್ಕಿಂತ ಚಿಂತೆ.

ಹೀಗೆ ಎಲ್ಲಕ್ಕೂ ಸಮನಾಗಿ ಕಡಿತ ಮಾಡೋಕೆ ಬರುತ್ತಾ? ಮಾಡಿದ್ರೆ ನಿಜವಾಗಿ ಎಷ್ಟು ಉಳಿಯುತ್ತೆ? ವಾರ್ಡ್ ಸಭೆ ಹತ್ತಿರ ಬಂತು, ಯಾವ ಕಾಗದ ಕೇಳಬೇಕು ಅಂತ ಗೊತ್ತಿರೋರು ದಯವಿಟ್ಟು ಹೇಳಿ.

ಲೆಕ್ಕದ ಕಟ್ಟು ಉತ್ತರ:

ನಡಾವಳಿಯ "ಎಲ್ಲ ಬಾಬ್ತು" ಅನ್ನುವ ಮಾತಿನಲ್ಲೇ ತಪ್ಪಿದೆ ಸರ್. ಪಂಚಾಯಿತಿಗೆ ಇರುವುದು ಒಂದು ಚೀಲವಲ್ಲ, ನಾಲ್ಕೈದು ಚೀಲ. ಒಂದರಲ್ಲಿ ಉಳಿಸಿದ್ದನ್ನು ಇನ್ನೊಂದಕ್ಕೆ ಸುರಿಯಲು ಬರುವುದಿಲ್ಲ.

ದೊಡ್ಡ ಚೀಲ 15ನೇ ಹಣಕಾಸು ಆಯೋಗದ ಅನುದಾನ. 2021-22ರಿಂದ 2025-26ರವರೆಗೆ ಇದರ 60% ನಿರ್ಬಂಧಿತ: 30% ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ; ಇನ್ನೊಂದು 30% ನೈರ್ಮಲ್ಯಕ್ಕೆ. ಉಳಿದ 40% ಅನಿರ್ಬಂಧಿತ, ಅದನ್ನೂ ಸಂಬಳ ಮತ್ತು ಕಚೇರಿ ವೆಚ್ಚಕ್ಕೆ ಬಳಸುವಂತಿಲ್ಲ. ನೀರಿನ 30%ರಲ್ಲಿ ಹೊಸ ಪೈಪ್‌ಲೈನ್ ಮಾತ್ರವಲ್ಲ, ಇರುವ ವ್ಯವಸ್ಥೆಯ ದುರಸ್ತಿ, ನಿರ್ವಹಣೆಯನ್ನೂ ಮಾಡಬಹುದು. ಅಂದಮೇಲೆ ನೀರಿನ ಘಟಕದ ನಿರ್ವಹಣೆ ನಿಲ್ಲಿಸಿದರೆ ಆ ಹಣ ಬೀದಿದೀಪದ ಬಾಕಿಗೆ ಹೋಗುವುದಿಲ್ಲ, ಖಾತೆಯಲ್ಲೇ ಕೂರುತ್ತದೆ. ಒಂದು ಷರತ್ತಿದೆ: ಆ ಕೆಲಸ ಅನುಮೋದಿತ ಕ್ರಿಯಾಯೋಜನೆಯಲ್ಲಿ ಇರಬೇಕು. ಇಲ್ಲದಿದ್ದರೆ ಬಿಲ್ ಪಾಸಾಗದು. ಎಷ್ಟೋ ಕಡೆ ಆಗುವ ಎಡವಟ್ಟು ಇದೇ. ಕ್ರಿಯಾಯೋಜನೆ ಬರೆಯುವಾಗ ಚರಂಡಿ, ಸಿಸಿ ರಸ್ತೆ, ಬೋರ್‌ವೆಲ್ ಎಲ್ಲ ಬರೆದು ಘಟಕದ ನಿರ್ವಹಣೆ ಮರೆಯುತ್ತಾರೆ, ಆಮೇಲೆ "ಹಣವಿಲ್ಲ" ಎನ್ನುತ್ತಾರೆ. ಪೂರಕ ಕ್ರಿಯಾಯೋಜನೆಯಲ್ಲಿ ಸೇರಿಸಲು ಈಗಲೇ ಕೇಳಿ.

ಎರಡನೆಯದು ಸ್ವಂತ ವರಮಾನ, 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಡಿ ಹಾಕುವ ತೆರಿಗೆಗಳು. ಇದರಲ್ಲಿ 25% ಪರಿಶಿಷ್ಟ ಜಾತಿ, ಪಂಗಡದವರಿಗೆ, 5% ಅಂಗವಿಕಲರಿಗೆ ಮೀಸಲು. ಕಾಲು ಭಾಗ ಕಡಿತದ ಹೆಸರಿನಲ್ಲಿ ಈ ಎರಡನ್ನು ಮುಟ್ಟುವಂತಿಲ್ಲ. ಕೈಯಾಡಿಸಿದ್ದರೆ ಆಡಿಟ್‌ನಲ್ಲಿ ಆಕ್ಷೇಪಣೆ ಖಂಡಿತ.

ಮೂರನೆಯದು ಕರಗಳು, ಅಂದರೆ ಸೆಸ್. ತೆರಿಗೆಯ ಜೊತೆ ಆರೋಗ್ಯ ಕರ 15%, ಶಿಕ್ಷಣ ಕರ 10%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3% ವಸೂಲಾಗುತ್ತದೆ. ರಶೀದಿಯಲ್ಲಿ ಬೇರೆ ಬೇರೆ ಸಾಲಿನಲ್ಲೇ ಇರುತ್ತವೆ, ನೋಡಿ. ಇವು ಪಂಚಾಯಿತಿಯ ಆದಾಯವಲ್ಲ, ಆಯಾ ಉದ್ದೇಶಕ್ಕೆ ಜನ ಕೊಟ್ಟ ದುಡ್ಡು.

ಹಾಗಾಗಿ ನಿಜಕ್ಕೂ ಕತ್ತರಿ ಹಾಕಬಹುದಾದ ಜಾಗ ಸ್ವಂತ ವರಮಾನದಲ್ಲಿ ಉಳಿಯುವ ಭಾಗ ಮಾತ್ರ. ಅದು ಕುಗ್ಗಿದ್ದರೆ ಮೊದಲು ಕೇಳಬೇಕಾದ ಕಾಗದ ಡಿಸಿಬಿ: ಬೇಡಿಕೆ, ವಸೂಲಿ, ಬಾಕಿ ವಹಿ. ಮನೆಗಳ ಬಾಕಿಗಿಂತ ಮೊದಲು ಕ್ರಷರ್, ಕೋಳಿಫಾರಂ, ಮೊಬೈಲ್ ಟವರ್, ಕಲ್ಯಾಣ ಮಂಟಪ, ಲೇಔಟ್‌ಗಳ ಸಾಲು ನೋಡಿ. ಇಂಥ ಹತ್ತು ಆಸ್ತಿಗಳ ಬಾಕಿ ಮುನ್ನೂರು ಮನೆಗಳ ಬಾಕಿಗಿಂತ ಹೆಚ್ಚಿರುವುದು ಅಪರೂಪವಲ್ಲ. ಅಳತೆ ಮಾಡದೆ ಹಳೆಯ ವಿಸ್ತೀರ್ಣಕ್ಕೇ ತೆರಿಗೆ ಕಟ್ಟಿಸಿಕೊಳ್ಳುತ್ತಿದ್ದರೆ ಬಾಕಿ ಕಾಣುವುದೇ ಇಲ್ಲ, ಬೇಡಿಕೆಯೇ ಕಡಿಮೆ ಇರುತ್ತದೆ. ಆ ಕಾಲಂ ಕೂಡ ನೋಡಿ.

ಸಿಹಿನೀರು ಉತ್ತರ:

ಘಟಕದ ಬಗ್ಗೆ ಮಾತ್ರ ಹೇಳ್ತೀನಿ. ಎರಡು ತಿಂಗಳು ಸುಮ್ಮನೆ ಸ್ವಿಚ್ ಆಫ್ ಮಾಡಿ ಬೀಗ ಹಾಕಿದರೆ ಉಳಿತಾಯ ಆಗಲ್ಲ, ಮೆಂಬ್ರೇನ್ (ಲವಣ, ಫ್ಲೋರೈಡ್ ತಡೆಯೋ ಸೋಸು ಪೊರೆ) ಹಾಳಾಗುತ್ತೆ. ಒದ್ದೆಯಾಗಿ ನಿಂತ ಮೆಂಬ್ರೇನಿನಲ್ಲಿ ಕೆಲವೇ ದಿನಕ್ಕೆ ಪಾಚಿಯಂಥ ಲೋಳೆ ಕಟ್ಟುತ್ತೆ. ಒಣಗಿದರಂತೂ ಮುಗಿದೇಹೋಯ್ತು, ಮತ್ತೆ ಸರಿಯಾಗಲ್ಲ. ನಿಲ್ಲಿಸಲೇಬೇಕು ಅಂದರೆ ಎರಡೇ ದಾರಿ. ದಿನಕ್ಕೊಮ್ಮೆ 15ರಿಂದ 30 ನಿಮಿಷ ಓಡಿಸಿ ತೊಳೆಯೋದು. ಇಲ್ಲಾಂದ್ರೆ ಶುದ್ಧೀಕರಿಸಿದ ನೀರಲ್ಲಿ 1% ಸೋಡಿಯಂ ಮೆಟಾಬೈಸಲ್ಫೈಟ್ ಕರಗಿಸಿ, ಅಂದರೆ 100 ಲೀಟರಿಗೆ 1 ಕಿಲೋ, ಮೆಂಬ್ರೇನ್ ಕೊಳವೆಯೊಳಗೆ ತುಂಬಿ ವಾಲ್ವ್ ಮುಚ್ಚಿಡೋದು. ತಿಂಗಳಿಗೊಮ್ಮೆ ಹೊಸದು ತುಂಬಬೇಕು. ಮತ್ತೆ ಶುರು ಮಾಡುವಾಗ ಮೊದಲ ಒಂದು ಗಂಟೆಯ ನೀರನ್ನು ಯಾರಿಗೂ ಕೊಡದೆ ಹೊರಗೆ ಬಿಡಬೇಕು.

ಈಗ ಖರ್ಚಿನ ಲೆಕ್ಕ. ದಿನಕ್ಕೆ 150 ಕ್ಯಾನ್ ಹೋಗುತ್ತೆ ಅಂತ ಇಟ್ಕೊಳ್ಳಿ. 20 ಲೀಟರಿನಂತೆ 3000 ಲೀಟರ್, ಅಂದರೆ ಘಟಕ ಓಡೋದು 3 ಗಂಟೆ. ಅರ್ಧ ನೀರು ಶುದ್ಧ, ಅರ್ಧ ರಿಜೆಕ್ಟ್ (ಹೊರಗೆ ಬಿಡೋ ನೀರು) ಅಂದರೆ ಗಂಟೆಗೆ 2000 ಲೀಟರ್ ಬೋರ್ ನೀರು ಒಳಗೆ ಹೋಗುತ್ತೆ. ಸುಣ್ಣ ಕಟ್ಟದಂತೆ ಹಾಕುವ ಆಂಟಿಸ್ಕೇಲೆಂಟ್ ಲೀಟರಿಗೆ 3 ಮಿಲಿಗ್ರಾಂ ಲೆಕ್ಕದಲ್ಲಿ ಗಂಟೆಗೆ 6 ಗ್ರಾಂ, ದಿನಕ್ಕೆ 18 ಗ್ರಾಂ. ತಿಂಗಳಿಗೆ ಅರ್ಧ ಕಿಲೋ ಚಿಲ್ಲರೆ, ಅಷ್ಟೇ! ಎರಡೂ ಪಂಪ್ ಸೇರಿ 2.2 ಕಿಲೋವ್ಯಾಟ್ ಅಂದರೂ ತಿಂಗಳಿಗೆ ಸುಮಾರು 200 ಯೂನಿಟ್. ಕ್ಯಾನಿಗೆ 5 ರೂಪಾಯಿ ಇದ್ದರೆ ಕಾಯಿನ್ ಪೆಟ್ಟಿಗೆಗೆ ದಿನಕ್ಕೆ 750, ತಿಂಗಳಿಗೆ 22,500 ಬೀಳಬೇಕು. ಘಟಕ "ನಷ್ಟದಲ್ಲಿದೆ" ಅಂತ ಯಾರಾದರೂ ಹೇಳಿದರೆ ಮೊದಲು ಆ ಪೆಟ್ಟಿಗೆಯ ದುಡ್ಡು ಯಾವ ಖಾತೆಗೆ, ಯಾವ ರಶೀದಿ ಮೇಲೆ ಜಮಾ ಆಗ್ತಿದೆ ಅಂತ ಕೇಳಿ.

ವಾಟರ್‌ಮನ್ ಕೈಗೆ ಕೊಡೋದು ತಪ್ಪಲ್ಲ, ಆದರೆ ಕಲಿಸದೆ ಕೊಡಬಾರದು. ದಿನಾ ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್ ಎರಡಕ್ಕೂ 10ರಿಂದ 15 ನಿಮಿಷ ಬ್ಯಾಕ್‌ವಾಶ್. 5 ಮೈಕ್ರಾನ್ ಕಾರ್ಟ್ರಿಜ್‌ನ ಹಿಂದೆ ಮುಂದೆ ಇರುವ ಎರಡು ಗೇಜ್‌ಗಳ ನಡುವೆ 1 ಕೆಜಿ ಒತ್ತಡದ ವ್ಯತ್ಯಾಸ ಬಂದರೆ ಕಾರ್ಟ್ರಿಜ್ ಬದಲಿಸೋದು. ಆಂಟಿಸ್ಕೇಲೆಂಟ್ ಹಾಕುವ ಡೋಸಿಂಗ್ ಪಂಪ್ ನಿಜವಾಗಿ ಎಳೀತಿದೆಯಾ ಅಂತ ಕೆಮಿಕಲ್ ಕ್ಯಾನಿಗೆ ಗೆರೆ ಹಾಕಿ ನೋಡೋದು. ಪಂಪ್ ಸದ್ದು ಮಾಡ್ತಿರುತ್ತೆ, ಪೈಪಲ್ಲಿ ಗಾಳಿ ತುಂಬಿ ಕೆಮಿಕಲ್ ಹೋಗ್ತಾನೇ ಇರಲ್ಲ. ನಮ್ಮ ಕಡೆಯ ಗಡಸು ನೀರಿಗೆ ಇದೊಂದು ತಪ್ಪಿದರೆ ವಾರಗಳಲ್ಲೇ ಸುಣ್ಣ ಕಟ್ಟುತ್ತೆ. ಶುದ್ಧ ನೀರಿನ ಹರಿವು 10ರಿಂದ 15% ಇಳಿದ ಕೂಡಲೇ ಸಿಟ್ರಿಕ್ ಆಸಿಡ್‌ನಲ್ಲಿ ತೊಳೆದರೆ ಮೆಂಬ್ರೇನ್ ಬದುಕುತ್ತೆ. ಅರ್ಧಕ್ಕೆ ಇಳಿಯೋ ತನಕ ಕಾದರೆ ಮೆಂಬ್ರೇನ್ ಎಲ್ಲಾನೂ ಬದಲಿಸಬೇಕು. ಇನ್ನೊಂದು, ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನಿಂದ ನೀರು ಬರ್ತಿದ್ದರೆ ಕಾರ್ಬನ್ ಹಳೇದಾಗೋಕೆ ಬಿಡಬೇಡಿ, ಕ್ಲೋರಿನ್ ಮೆಂಬ್ರೇನನ್ನೇ ತಿನ್ನುತ್ತೆ.

ಬಂದ್ ಮಾಡಿದಾಗ ಜನ "ಕಾಯಿಸಿ ಕುಡೀತೀವಿ" ಅಂತಾರೆ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸೋದು) ತೋರಿಸಿ "ನೀರು ಚೆನ್ನಾಗಿದೆ" ಅಂದರೆ ಒಪ್ಪಬೇಡಿ, ಅದು ಫ್ಲೋರೈಡ್ ಅಳೆಯಲ್ಲ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ಗೆ ಬೋರ್ ನೀರು, ಘಟಕದ ನೀರು ಎರಡೂ ಕಳಿಸಿ, ವರದಿಯನ್ನು ಸಭೆಯ ಮುಂದೆ ಇಡಿ. ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಮೂಡೋ ವಯಸ್ಸಿನಲ್ಲಿ ಆದ ಕಲೆ ಆಮೇಲೆ ಎಷ್ಟು ಒಳ್ಳೆ ನೀರು ಕೊಟ್ಟರೂ ಹೋಗಲ್ಲ. ದಯವಿಟ್ಟು ಆ ಎರಡು ತಿಂಗಳ ಬಂದ್ ತಡೀರಿ.

ಕಂಬದ ಲೈನು ಉತ್ತರ:

ಒಂದು ಬಿಟ್ಟು ಒಂದು ದೀಪ ಉರಿಸುವ ಮೊದಲು ಬೆಸ್ಕಾಂ ಬಿಲ್ ಎತ್ತಿಕೊಂಡು ಆರ್‌ಆರ್ ನಂಬರ್ (ಪ್ರತಿ ವಿದ್ಯುತ್ ಸಂಪರ್ಕದ ಗುರುತು ಸಂಖ್ಯೆ) ವಾರು ನೋಡಿ. ಮೀಟರ್ ಇಲ್ಲದ ಸಂಪರ್ಕವಾದರೆ ಲೋಡ್ ಲೆಕ್ಕದಲ್ಲೇ ಬಿಲ್ ಬರುತ್ತದೆ, ಅರ್ಧ ದೀಪ ಆರಿಸಿದರೂ ಒಂದು ರೂಪಾಯಿ ಇಳಿಯದು. ಮೀಟರ್ ಇದ್ದರೂ ನಿಗದಿತ ಶುಲ್ಕ ಮಂಜೂರಾದ ಲೋಡ್ ಮೇಲೆ. ಅದನ್ನು ಕಡಿಮೆ ಮಾಡಿಸಲು ಬೇರೆ ಅರ್ಜಿ ಕೊಡಬೇಕು.

ಉಳಿತಾಯ ಇರುವುದು ಬೇರೆ ಕಡೆ. ಚೋಕ್ ಸೇರಿ 50 ವ್ಯಾಟ್ ಎಳೆಯುವ 100 ಟ್ಯೂಬ್‌ಲೈಟ್ ರಾತ್ರಿಗೆ 11 ಗಂಟೆ ಉರಿದರೆ ತಿಂಗಳಿಗೆ 1650 ಯೂನಿಟ್. ಅಷ್ಟೇ ಸಂಖ್ಯೆಯ 20 ವ್ಯಾಟ್ ಎಲ್‌ಇಡಿ ಆದರೆ 660. ಎಲ್ಲ ಕಂಬವೂ ಬೆಳಗುತ್ತದೆ, ಬಿಲ್ ಅರ್ಧಕ್ಕಿಂತ ಕೆಳಗೆ. ಅದಕ್ಕಿಂತ ಮೊದಲು ಹಗಲಲ್ಲಿ ಉರಿಯುವ ದೀಪ ನಿಲ್ಲಿಸಿ. ಸ್ವಿಚ್ ಹಾಕುವವರು ಬೆಳಗ್ಗೆ 6ಕ್ಕೆ ಆರಿಸಬೇಕಾದ್ದನ್ನು 9ಕ್ಕೆ ಆರಿಸಿದರೆ 11 ಗಂಟೆಯ ಖರ್ಚು 14 ಆಯಿತು. ಟೈಮರ್ ಮತ್ತು ಕಾಂಟ್ಯಾಕ್ಟರ್ (ಟೈಮರ್ ಹೇಳಿದಂತೆ ದೀಪದ ಲೈನ್ ಜೋಡಿಸಿ ಬಿಡಿಸುವ ಸ್ವಿಚ್) ಕೂರಿಸಿ. ಟೈಮರ್‌ಗೆ ಬ್ಯಾಟರಿ ಬ್ಯಾಕಪ್ ಇರಲೇಬೇಕು, ಇಲ್ಲದಿದ್ದರೆ ಪ್ರತಿ ಸಲ ಕರೆಂಟ್ ಹೋದಾಗಲೂ ಗಡಿಯಾರ ಹಿಂದೆ ಬೀಳುತ್ತದೆ.

ಆದರೂ ಕೆಲವು ದೀಪ ಆರಿಸಲೇಬೇಕಾಗಿ ಬಂದರೆ ಲೆಕ್ಕಕ್ಕೆ ಒಂದು ಬಿಟ್ಟು ಒಂದು ಬೇಡ. ಬಸ್ ನಿಲ್ದಾಣ, ಡೇರಿ, ನೀರಿನ ಘಟಕ, ಹಾಸ್ಟೆಲ್ ದಾರಿ, ತಿರುವುಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿನ ದೀಪ ಆರಿಸಬೇಡಿ. ನಸುಕಿನಲ್ಲೇ ಡೇರಿಗೆ ಹಾಲು ಹೊತ್ತು ಹೋಗುವ ಹೆಂಗಸರಿಗೆ ಕತ್ತಲೆಯ ಕಂಬ ಸಣ್ಣ ವಿಷಯವಲ್ಲ.

ಪುಸ್ತಕದ ಮನೆ ಉತ್ತರ:

ಗ್ರಂಥಾಲಯದ್ದು ಚಿಕ್ಕ ಲೆಕ್ಕ. ಆಸ್ತಿ ತೆರಿಗೆ 10 ಲಕ್ಷ ವಸೂಲಾದರೆ ಗ್ರಂಥಾಲಯ ಕರ 60 ಸಾವಿರ, 5 ಲಕ್ಷವಾದರೆ 30 ಸಾವಿರ. ಈ ವರ್ಷ ಆ ಸಾಲಿನಲ್ಲಿ ಎಷ್ಟು ಬಂತು, ಎಲ್ಲಿಗೆ ಹೋಯಿತು ಅಂತ ಕೇಳಿದರೆ ಸಾಕು. ಮೂರು ಪತ್ರಿಕೆ ನಿಲ್ಲಿಸುವ ಮಾತು ಅಲ್ಲೇ ನಿಲ್ಲುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದಿವೆ, ಆದ್ದರಿಂದ "ಅದು ಬೇರೆ ಇಲಾಖೆಯದು" ಅನ್ನುವ ಉತ್ತರ ಈಗ ನಡೆಯದು. ಹಾಜರಿ ಪುಸ್ತಕ ದಿನವೂ ಬರೆಸಿ, ಮಕ್ಕಳ ಸಹಿ ಕೂಡ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇಂಟರ್ನೆಟ್ ಬಳಸಿದ ಸಮಯ ಬರೆದಿಡಿ. ಬಳಕೆಯ ದಾಖಲೆ ಇಲ್ಲದ ಸೇವೆಗೇ ಮೊದಲ ಕತ್ತರಿ ಬೀಳೋದು.

ಗಡಿಗ್ರಾಮ:

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳೀತು. ನೀರಿನ 30% ಅನುದಾನ ಇನ್ನೂ ಬಿಡುಗಡೆಯೇ ಆಗಿಲ್ಲ ಅಂದ್ರೆ ಏನು ಮಾಡೋದು? ಕಾಯಿನ್ ಪೆಟ್ಟಿಗೆ ಲೆಕ್ಕ ಬಾಯಲ್ಲಿ ಕೇಳಿದ್ರೆ ಕೊಡಲ್ಲ ಅಂದ್ರೆ?

ಲೆಕ್ಕದ ಕಟ್ಟು:

ಬಿಡುಗಡೆ ಆಗಿದೆಯೋ ಇಲ್ಲವೋ ನೀವೇ ನೋಡಬಹುದು. ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ ಆರಿಸಿದರೆ ಅನುಮೋದಿತ ಕ್ರಿಯಾಯೋಜನೆ ಮತ್ತು ಜಮಾ-ಖರ್ಚು ಕಾಣುತ್ತದೆ. ಹಿಂದಿನ ವರ್ಷದ ಖರ್ಚಾಗದ ಶಿಲ್ಕನ್ನೂ ನೋಡಿ, ನಿರ್ಬಂಧಿತ ಹಣ ಅಲ್ಲೇ ಉಳಿದಿರಬಹುದು. ಕಂತು ತಡೆದಿದ್ದರೆ ಕಾರಣ ಕೇಳಿ. ಅದಕ್ಕೂ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಆನ್‌ಲೈನ್‌ನಲ್ಲಿ ಇಲ್ಲದಿದ್ದರೆ ಕಂತು ಬರುವುದಿಲ್ಲ. ಆ ತಪ್ಪು ಕಚೇರಿಯಲ್ಲೇ ತಿದ್ದಬಹುದಾದದ್ದು.

ಪೆಟ್ಟಿಗೆಯ ಲೆಕ್ಕಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮೂನೆ 'ಎ', 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನೀರು, ದೀಪ, ಗ್ರಂಥಾಲಯ ಮೂರನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ವಾಪಸ್ ಬರುತ್ತದೆ. "ಯಾಕೆ" ಅಂತ ಪ್ರಶ್ನೆ ಬರೆಯಬೇಡಿ, ದಾಖಲೆಯ ಹೆಸರು ಬರೆಯಿರಿ: "01-04-2024ರಿಂದ ಇಂದಿನವರೆಗೆ ಶುದ್ಧ ಕುಡಿಯುವ ನೀರಿನ ಘಟಕದ ನಾಣ್ಯ ಸಂಗ್ರಹ ವಹಿ, ಬ್ಯಾಂಕ್ ಜಮಾ ಚಲನ್ ಮತ್ತು ನಿರ್ವಹಣಾ ಒಪ್ಪಂದದ ದೃಢೀಕೃತ ಪ್ರತಿ." 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ವಾರ್ಡ್ ಸಭೆ ಅದಕ್ಕೂ ಮೊದಲೇ ಬಂದರೆ ಅಲ್ಲಿ ಬರೀ ಮಾತಾಡಿ ಬರಬೇಡಿ. "ಘಟಕದ ನಿರ್ವಹಣೆಯನ್ನು ನೀರಿನ ನಿರ್ಬಂಧಿತ ಅನುದಾನದ ಪೂರಕ ಕ್ರಿಯಾಯೋಜನೆಗೆ ಸೇರಿಸಬೇಕು" ಎಂದು ಒಂದೇ ಸಾಲಿನಲ್ಲಿ ಬರೆದು, ಹಾಜರಿದ್ದವರ ಸಹಿ ಹಾಕಿಸಿ ಕೊಡಿ, ನಡಾವಳಿ ಪುಸ್ತಕದಲ್ಲಿ ಆ ಸಾಲು ಬಂದಿದೆಯೇ ಎಂದು ಓದಿಸಿಕೊಂಡೇ ಎದ್ದು ಬನ್ನಿ.