ಎನ್‌ಪಿಎಸ್: 42ನೇ ವಯಸ್ಸಿನಲ್ಲಿ ಎಲ್‌ಸಿ-75 ಹಾಕೋದಾ, ಬಿಎಲ್‌ಸಿ ಹಾಕೋದಾ?

ಪ್ರಶ್ನೆ
ಕೇಂದ್ರ ಸರ್ಕಾರಿ ನೌಕರಿ, ವಯಸ್ಸು 42, ನಿವೃತ್ತಿಗೆ ಇನ್ನೂ 18 ವರ್ಷ. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಹಣವೆಲ್ಲ ಡೀಫಾಲ್ಟ್ ಸ್ಕೀಮಿನಲ್ಲೇ (ನಾವೇನೂ ಆರಿಸದಿದ್ದರೆ ತಾನಾಗಿ ಹೋಗುವ ಸ್ಕೀಮ್) ಇದೆ. 2025ರ ಅಕ್ಟೋಬರಿನಿಂದ ನಮಗೂ ಎಲ್‌ಸಿ-75, ಬಿಎಲ್‌ಸಿ (ವಯಸ್ಸಾದಂತೆ ಷೇರಿನ ಪಾಲು ತಾನಾಗಿ ಇಳಿಯುವ ಲೈಫ್ ಸೈಕಲ್ ಸ್ಕೀಮುಗಳು) ಸಿಕ್ಕಿವೆಯಲ್ಲ, ಷೇರಿನ ಪಾಲು ಜಾಸ್ತಿ ಬೇಕೆಂದರೆ ಕಣ್ಣು ಮುಚ್ಚಿಕೊಂಡು ಎಲ್‌ಸಿ-75 ಹಾಕಬಹುದಾ? ಹಳೇ ಹಣವೂ ಅದಕ್ಕೇ ಹೋಗುತ್ತಾ? ಟ್ಯಾಕ್ಸ್ ಬೀಳುತ್ತಾ?

ಉತ್ತರ 1
ಎಲ್‌ಸಿ-75ರ ಹೆಸರಿನಲ್ಲಿರೋ ಆ ಶೇ. 75 ಷೇರು ನಿಮಗೆ ಸಿಗಲ್ಲ ಸರ್. ಅದು 35 ವರ್ಷ ತುಂಬುವವರೆಗಿನ ಪಾಲು. ಆಮೇಲೆ 45ರವರೆಗೆ ವರ್ಷಕ್ಕೆ ಶೇ. 4 ಇಳಿಯುತ್ತೆ. ನಿಮ್ಮ 42ಕ್ಕೆ ಲೆಕ್ಕ ಹಾಕಿದರೆ ಈಕ್ವಿಟಿ (ಷೇರಿನ ಪಾಲು) ಎಲ್‌ಸಿ-75ರಲ್ಲಿ ಶೇ. 47, ಇದೇ ಬಗೆಯ ಎಲ್‌ಸಿ-50ರಲ್ಲಿ 36, ಎಲ್‌ಸಿ-25ರಲ್ಲಿ 18. ಬಿಎಲ್‌ಸಿಯಲ್ಲಿ ಇಳಿಕೆ ಶುರುವಾಗೋದೇ 45ರ ನಂತರ, ಹಾಗಾಗಿ ಇವತ್ತಿಗೆ ಪೂರ್ತಿ 50. ಎಲ್ಲಕ್ಕಿಂತ ಜೋರು ಅಂತ ಎಲ್ಲರೂ ಅಂದುಕೊಂಡಿರೋ ಎಲ್‌ಸಿ-75 ನಿಮ್ಮ ವಯಸ್ಸಿಗೆ ಎರಡನೇ ಸ್ಥಾನ.

ಇನ್ನೊಂದು ವಿಷಯ ಯಾರೂ ಗಮನಿಸಲ್ಲ: 50 ತುಂಬುವಾಗ ಎಲ್‌ಸಿ-75, ಎಲ್‌ಸಿ-50 ಎರಡರಲ್ಲೂ ಈಕ್ವಿಟಿ ಬರೀ 20. 55ಕ್ಕೆ ಕ್ರಮವಾಗಿ 15, 10. ನೀವು 60ಕ್ಕೆ ನಿವೃತ್ತಿಯಾದರೂ ವಯಸ್ಸಿನ ಪ್ರಕಾರ ಪಾಲು ಇಳಿಸೋ ಟೇಬಲ್ ಮುಗಿಯೋದು 55ಕ್ಕೇ. ಮುಂದಿನ ಹದಿನೈದು ವರ್ಷ ಷೇರು ಬೇಕು ಅಂತಿದ್ದರೆ ನನ್ನ ಪ್ರಕಾರ ಬಿಎಲ್‌ಸಿನೇ.

ಉತ್ತರ 2
ಬಿಎಲ್‌ಸಿ ಒಪ್ಪಿದೆ, ಆದರೆ ಹಾಕಿ ಮರೆತುಬಿಡೋದಲ್ಲ. ನಿವೃತ್ತಿ ಹೊತ್ತಿಗೆ ಕನಿಷ್ಠ ಶೇ. 40 ಆನ್ಯುಯಿಟಿಗೆ (ಪಿಂಚಣಿ ಕೊಡುವ ವಿಮಾ ಯೋಜನೆ) ಹೋಗಲೇಬೇಕು. ಅದೇ ವರ್ಷ ಮಾರುಕಟ್ಟೆ ಕುಸಿದರೆ ಕಡಿಮೆ ಮೊತ್ತಕ್ಕೇ ಜೀವನಪೂರ್ತಿಯ ಪಿಂಚಣಿ ನಿಗದಿಯಾಗುತ್ತೆ. 56-57ಕ್ಕೆ ನೀವೇ ಎಲ್‌ಸಿ-25ಕ್ಕೋ ಪೂರ್ತಿ ಸರ್ಕಾರಿ ಸಾಲಪತ್ರಕ್ಕೋ ಬದಲಾಯಿಸಿಕೊಳ್ಳಬೇಕಾಗಬಹುದು. ಸ್ಕೀಮನ್ನು ವರ್ಷಕ್ಕೆ ಎರಡು ಸಲ, ಫಂಡ್ ಮ್ಯಾನೇಜರನ್ನು ಒಂದು ಸಲ ಬದಲಾಯಿಸಬಹುದು.

ಉತ್ತರ 3
ಮಾಡೋದು ಹೇಗೆ: ಸಿಆರ್‌ಎ (ಎನ್‌ಪಿಎಸ್ ಖಾತೆಗಳ ದಾಖಲೆ ಇಡುವ ಸಂಸ್ಥೆ) ವೆಬ್‌ಸೈಟಿನಲ್ಲಿ ಪ್ರಾನ್ ನಂಬರ್ (ನಿಮ್ಮ ಎನ್‌ಪಿಎಸ್ ಖಾತೆ ಸಂಖ್ಯೆ) ಹಾಕಿ ಲಾಗಿನ್ ಆಗಿ, ಸ್ಕೀಮ್ ಪ್ರಿಫರೆನ್ಸ್ ಚೇಂಜ್‌ನಲ್ಲಿ ಟಿಯರ್-1 (ಮುಖ್ಯ ಪಿಂಚಣಿ ಖಾತೆ), ಫಂಡ್ ಮ್ಯಾನೇಜರ್, ಸ್ಕೀಮ್ ಆರಿಸಿ, ಓಟಿಪಿ ಕೊಡಿ. ಹಳೇ ಯೂನಿಟ್‌ಗಳೆಲ್ಲ ಮಾರಾಟವಾಗಿ ಹೊಸದರಲ್ಲಿ ಕೊಂಡುಕೊಳ್ಳಲಾಗುತ್ತೆ, ಮುಂದಿನ ಕಂತುಗಳೂ ಅಲ್ಲಿಗೇ. ಟ್ಯಾಕ್ಸ್ ಇಲ್ಲ.

ಅದಕ್ಕೂ ಮೊದಲು ಖಾತೆಯಲ್ಲಿ ಜನ್ಮದಿನಾಂಕ ಸರಿಯಾಗಿದೆಯಾ ನೋಡಿ. ಪಾಲು ಹಂಚೋದು ಅದನ್ನೇ ನೋಡಿ. ಒಂದೆರಡು ವರ್ಷ ಹೆಚ್ಚುಕಮ್ಮಿ ಇದ್ದರೆ ಹಂಚಿಕೆಯೂ ತಪ್ಪುತ್ತೆ. ತಿದ್ದಿಸೋಕೆ ನಿಮ್ಮ ಡಿಡಿಒ (ಸಂಬಳ ಬಟವಾಡೆ ಅಧಿಕಾರಿ) ಹತ್ತಿರ ಹೋಗಿ. ಬದಲಾವಣೆ ಆದ ಮೇಲೆ ಸ್ಟೇಟ್‌ಮೆಂಟಿನಲ್ಲಿ ಇ (ಷೇರು), ಸಿ (ಕಂಪನಿ ಸಾಲಪತ್ರ), ಜಿ (ಸರ್ಕಾರಿ ಸಾಲಪತ್ರ) ಮೂರು ಸಾಲು ಬೇರೆಬೇರೆ ಕಾಣಬೇಕು. ಪಾಲುಗಳ ಮರುಹೊಂದಾಣಿಕೆ ಆಗೋದು ಹುಟ್ಟುಹಬ್ಬದ ದಿನ. ನಡುವೆ 50 ಇದ್ದದ್ದು 53 ಕಂಡರೆ ಗಾಬರಿ ಬೇಡ, ಷೇರು ಏರಿದೆ ಅಷ್ಟೇ.

ಪ್ರಶ್ನೆ ಕೇಳಿದವರು
ಯುಪಿಎಸ್ (ಖಾತರಿ ಪಿಂಚಣಿಯ ಏಕೀಕೃತ ಪಿಂಚಣಿ ಯೋಜನೆ) ತಗೊಂಡ ಸಹೋದ್ಯೋಗಿಗಳಿಗೂ ಇದೇ ಹೇಳಬಹುದಾ?

ಉತ್ತರ 1
ಬೇಡ. ಯುಪಿಎಸ್‌ನಲ್ಲಿ ಅವರ ವೈಯಕ್ತಿಕ ನಿಧಿಯನ್ನು ಬೆಂಚ್‌ಮಾರ್ಕ್ ನಿಧಿಯ (ಹೋಲಿಕೆಗಾಗಿ ಲೆಕ್ಕ ಹಾಕಿಟ್ಟ ಮೊತ್ತ) ಜೊತೆ ಹೋಲಿಸುತ್ತಾರೆ, ಆ ಬೆಂಚ್‌ಮಾರ್ಕ್ ಲೆಕ್ಕ ನಡೆಯೋದು ಡೀಫಾಲ್ಟ್ ಸ್ಕೀಮಿನ ಮೇಲೆ. ನಿವೃತ್ತಿಯಲ್ಲಿ ಅದಕ್ಕಿಂತ ಕಡಿಮೆ ಬಿದ್ದು, ಕೊರತೆ ತುಂಬಿಕೊಡದಿದ್ದರೆ ಖಾತರಿ ಪಿಂಚಣಿಯೂ ಅದೇ ಪ್ರಮಾಣದಲ್ಲಿ ಕಡಿತ. ಜಾಸ್ತಿ ಬಿದ್ದರೆ ಹೆಚ್ಚುವರಿ ಹಣ ವಾಪಸ್. ಖಾತರಿಗೋಸ್ಕರವೇ ಯುಪಿಎಸ್ ಆರಿಸಿಕೊಂಡವರು ಡೀಫಾಲ್ಟ್ ಬಿಟ್ಟು ಅಲ್ಲಾಡದಿರೋದೇ ಲೇಸು.